ಪ್ರಶ್ನೋತ್ತರ: ಟ್ಯೂನಾ ದುಡ್ಡನ್ನು ಕಿರಿಬಾಟಿ ಎಷ್ಟು ಉಣ್ಣಬೇಕು, ಎಷ್ಟು ಕೂಡಿಡಬೇಕು?

ಪ್ರಶ್ನೆ: ಪೆಸಿಫಿಕ್ ಸಾಗರದ ದ್ವೀಪದೇಶ ಕಿರಿಬಾಟಿಯ ಸರ್ಕಾರದ ಆದಾಯದಲ್ಲಿ ಬಹುಪಾಲು, ಅದರ ಕಡಲಲ್ಲಿ ಟ್ಯೂನಾ ಮೀನು ಹಿಡಿಯುವ ವಿದೇಶಿ ಹಡಗುಗಳ ಪರವಾನಗಿ ಶುಲ್ಕವೇ. ಒಂದು ವರ್ಷ ಸುರಿಮಳೆ, ಮರುವರ್ಷ ಬರ. ಇಂಥ ದುಡ್ಡಿಗೆ ಬಜೆಟ್ ಹಾಕುವುದು ಹೇಗೆ?

ಉತ್ತರ: ಮೊದಲು ಏರಿಳಿತದ ಮೂಲ ನೋಡಿ. ಟ್ಯೂನಾ ಹಿಡಿಯುವಿಕೆಯನ್ನು ಒಟ್ಟಾಗಿ ನಿಯಂತ್ರಿಸುವ ನೌರು ಒಪ್ಪಂದದಲ್ಲಿ ಕಿರಿಬಾಟಿಯೂ ಸೇರಿ ಪೆಸಿಫಿಕ್‌ನ ಎಂಟು ದೇಶಗಳಿವೆ. ಅವು ಮಾರುವುದು ಮೀನನ್ನಲ್ಲ, ಹಡಗಿನ ದಿನಗಳನ್ನು, ಅಂದರೆ ಒಂದು ಹಡಗು ಒಂದು ದಿನ ಮೀನು ಹಿಡಿಯುವ ಹಕ್ಕನ್ನು. ದಿನಕ್ಕೆ ಕನಿಷ್ಠ 8,000 ಅಮೆರಿಕನ್ ಡಾಲರ್. ಹಡಗು 80 ಮೀಟರ್ ಮೀರಿದರೆ ಒಂದು ದಿನವನ್ನು ಒಂದೂವರೆ ಎಂದು ಎಣಿಸುತ್ತಾರೆ. ಎಲ್ ನಿನೊ, ಅಂದರೆ ಪೆಸಿಫಿಕ್‌ನ ಬೆಚ್ಚನೆ ನೀರು ಪೂರ್ವಕ್ಕೆ ಹರಡುವ ವರ್ಷ, ಸ್ಕಿಪ್‌ಜ್ಯಾಕ್ ಎಂಬ ಟ್ಯೂನಾ ಜಾತಿಯ ಮೀನು ಬೆಚ್ಚನೆ ನೀರಿನ ಜೊತೆ ಪೂರ್ವಕ್ಕೆ, ಕಿರಿಬಾಟಿಯತ್ತ ಸರಿಯುತ್ತದೆ. ಅದರ ತದ್ವಿರುದ್ಧವಾದ ಲಾ ನಿನಾದಲ್ಲಿ ಪಶ್ಚಿಮಕ್ಕೆ, ಪಪುವಾ ನ್ಯೂಗಿನಿಯತ್ತ. ಸಾಲದ್ದಕ್ಕೆ ಶುಲ್ಕ ಬರುವುದು ಅಮೆರಿಕನ್ ಡಾಲರಿನಲ್ಲಿ, ಸಂಬಳ ಕೊಡುವುದು ಆಸ್ಟ್ರೇಲಿಯನ್ ಡಾಲರಿನಲ್ಲಿ.

ಆದ್ದರಿಂದ ಈ ವರ್ಷದ ವಸೂಲಿ ಮರೆತು ಐದು ವರ್ಷದ ಸರಾಸರಿ ಹಿಡಿಯಿರಿ. ಲೆಕ್ಕಕ್ಕೆ ಸರಾಸರಿ 150 ಅನ್ನಿ: 200 ಬಂದ ವರ್ಷ 50 ಎತ್ತಿಡಿ, 100 ಬಂದ ವರ್ಷ ಆ 50 ಇಳಿಸಿ. ಅಂಥ ಎರಡು ಕೆಟ್ಟ ವರ್ಷ ತಡೆಯುವಷ್ಟು, ಅಂದರೆ 100, ಬೇಗ ನಗದಾಗುವ ಠೇವಣಿಯಲ್ಲಿರಲಿ. ಅದಕ್ಕೆ ಮೀರಿದ್ದು ಇಡುಗಂಟಿಗೆ.

ಇಡುಗಂಟಿನ ಬೀಗ ಹೇಗಿರಬೇಕು ಎಂಬುದಕ್ಕೆ ನೆರೆಯ ದ್ವೀಪದೇಶ ಟುವಾಲು 1987ರಲ್ಲಿ ಕಟ್ಟಿದ ಟ್ರಸ್ಟ್ ಫಂಡ್ ನೋಡಿ. ಮೂಲಧನದ ಗುರಿಯನ್ನು ಆಸ್ಟ್ರೇಲಿಯಾದ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತಾ ಹೋಗುತ್ತಾರೆ. ಮಾರುಕಟ್ಟೆ ಮೌಲ್ಯ ಆ ಗುರಿ ದಾಟಿದರಷ್ಟೇ ಹೆಚ್ಚುವರಿ ಇನ್ನೊಂದು ಖಾತೆಗೆ ಇಳಿಯುತ್ತದೆ. ಸರ್ಕಾರ ಕೈಹಾಕಬಹುದಾದ್ದು ಆ ಖಾತೆಗೆ ಮಾತ್ರ. ಕಿರಿಬಾಟಿಯ ಇಡುಗಂಟು ಇನ್ನೂ ಹಳೆಯದು, 1956ರದ್ದು, ಅದರದ್ದೇ ದ್ವೀಪ ಬನಾಬಾದಲ್ಲಿ ಅಗೆದ ಫಾಸ್ಫೇಟ್ ಎಂಬ ಗೊಬ್ಬರದ ಖನಿಜದ ದುಡ್ಡಿನಿಂದ ಶುರುವಾದದ್ದು.

ಮರುಪ್ರಶ್ನೆ: ಆ ಇಡುಗಂಟನ್ನು ದ್ವೀಪದಲ್ಲೇ ಹೂಡಿದರೆ ನಾಲ್ಕು ಜನಕ್ಕೆ ಕೆಲಸವಾದರೂ ಸಿಗುತ್ತಲ್ಲ?

ಉತ್ತರ: ಜೆಟ್ಟಿ ಬೇಕೇ, ಬಜೆಟ್ಟಿನಿಂದ ಕಟ್ಟಿ. ಇಡುಗಂಟು ಊರಲ್ಲೇ ಇದ್ದರೆ ಮೀನು ಕೈಕೊಟ್ಟ ವರ್ಷವೇ ಅದೂ ಕುಸಿಯುತ್ತದೆ, ಮಾರಲು ಹೋದರೆ ಕೊಳ್ಳುವವರಿರುವುದಿಲ್ಲ. ಹಾಗಂತ ಹೊರಗಿಟ್ಟರಷ್ಟೇ ಸಾಲದು. ಇನ್ನೊಂದು ದ್ವೀಪದೇಶ ನೌರು ತನ್ನ ಫಾಸ್ಫೇಟ್ ದುಡ್ಡನ್ನು ವಿದೇಶದ ಕಟ್ಟಡಗಳಲ್ಲಿ ಹೂಡಿ, ಅವನ್ನೇ ಅಡವಿಟ್ಟು ಸಾಲ ಎತ್ತಿತು. ಮೆಲ್ಬರ್ನ್‌ನ ನೌರು ಹೌಸ್ 2004ರಲ್ಲಿ ಕೈಬಿಟ್ಟಿತು. ಅಡಮಾನ ನಿಷೇಧ ಕಾನೂನಿನಲ್ಲೇ ಇರಬೇಕು.

ಇನ್ನೊಬ್ಬರು: ಕೊಬ್ಬರಿ ಬಿಟ್ಟಿರಿ! 2016ರಲ್ಲಿ ಕಿರಿಬಾಟಿ ಸರ್ಕಾರ ಬೆಳೆಗಾರರಿಗೆ ಕೊಡುವ ಕೊಬ್ಬರಿ ಬೆಲೆಯನ್ನು ಕಿಲೋಗೆ 2 ಆಸ್ಟ್ರೇಲಿಯನ್ ಡಾಲರಿಗೆ ದುಪ್ಪಟ್ಟು ಮಾಡಿತು. ಏರಿಸಿದ ಬೆಂಬಲ ಬೆಲೆ ಇಳಿಸುವ ಕಷ್ಟ ತಿಪಟೂರಿನವರಿಗೆ ಬಿಡಿಸಿ ಹೇಳಬೇಕೇ?

ಉತ್ತರ: ನಿಜ. ಅಂಥ ಕಾಯಂ ಬಾಬ್ತು ಆ 150ರೊಳಗೇ ಹಿಡಿಸಬೇಕು. 200 ಬಂದ ವರ್ಷ ಕೈ ತಡೆಯದಿದ್ದರೆ ದೋಣಿ ಎಂಜಿನ್, ನೀರಿನ ಟ್ಯಾಂಕು ಕೊಳ್ಳಲಿ. ಮರುವರ್ಷ ಅವು ಮತ್ತೆ ದುಡ್ಡು ಕೇಳುವುದು ರಿಪೇರಿಗಷ್ಟೇ.