ಜಲಜನಕದ ಕಾರು: ಹೀರಿಕೆಯೋ, ಅಧಿಶೋಷಣೆಯೋ?

ಮಾನ್ಯರೇ,

ಜಲಜನಕದ ಕಾರನ್ನು ಕುರಿತ ವಿಜ್ಞಾನ ಫಲಕವೊಂದನ್ನು ಕನ್ನಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಇಂಧನವಾದ ಈ ಅನಿಲವನ್ನು ಕಾರಿನಲ್ಲಿ ಕೂಡಿಡುವ ಬಗೆಗಳಲ್ಲಿ, 700 ಬಾರ್ ಒತ್ತಡದಲ್ಲಿ ಅದುಮಿಡುವುದನ್ನೂ, ಮೈನಸ್ 253 ಡಿಗ್ರಿಗೆ ತಣಿಸಿ ದ್ರವವಾಗಿಡುವುದನ್ನೂ ಹೇಳಲು ತೊಡಕಾಗಲಿಲ್ಲ. ಆದರೆ ಅದು ಲೋಹದ ಒಡಲೊಳಗೆ ಇಳಿಯುವ ‘ಅಬ್ಸಾರ್ಪ್ಶನ್’ ಮತ್ತು ಇದ್ದಿಲಿನ ಮೇಲ್ಮೈಯಲ್ಲಷ್ಟೇ ನಿಲ್ಲುವ ‘ಅಡ್ಸಾರ್ಪ್ಶನ್’ ಎರಡಕ್ಕೂ ನಾನು ‘ಹೀರಿಕೆ’ ಎಂದೇ ಬರೆದಿದ್ದೆ. ಪರಿಶೀಲಕರು ಎರಡನೆಯದನ್ನು ‘ಅಧಿಶೋಷಣೆ’ ಎಂದೂ, ‘ಟ್ಯಾಂಕ’ನ್ನು ‘ತೊಟ್ಟಿ’ ಎಂದೂ ತಿದ್ದಿದ್ದಾರೆ. ನನಗೆ ‘ಮೈಹತ್ತಿಕೆ’ ಎಂಬುದು ಹೊಳೆದಿದೆ. ಯಾವುದನ್ನು ಉಳಿಸಲಿ?

ಉತ್ತರ 1

ಇದ್ದಿಲಿನ ಮಟ್ಟಿಗೆ ಮೂರನ್ನೂ ಬಿಡಿ. ಸಂಸ್ಕೃತದ ‘ಶುಷ್’ ಧಾತುವಿಗೆ ಒಣಗು ಎಂಬ ಅರ್ಥವಿರಬಹುದು. ಕನ್ನಡದಲ್ಲಿ ಶೋಷಣೆ ಎಂದರೆ ಜೀತದಾಳು ನೆನಪಾಗುತ್ತಾನೆಯೇ ಹೊರತು ಇದ್ದಿಲಲ್ಲ. ‘ಮೈಹತ್ತಿಕೆ’ ಇನ್ನೂ ಅಪಾಯಕರ: ಉಂಡದ್ದು ಮೈಗೆ ಹತ್ತಿತು ಎಂದರೆ ಒಳಗಿಳಿದು ರಕ್ತಗತವಾಯಿತು ಎಂದೇ ಅಲ್ಲವೇ? ನಿಮಗೆ ಬೇಕಾದುದರ ತದ್ವಿರುದ್ಧ ಅರ್ಥವದು.

‘ಹೀರಿಕೆ’ ಲೋಹಕ್ಕೆ ಹೇಳಿ ಮಾಡಿಸಿದ ಮಾತು. ಲ್ಯಾಂಥನಮ್ ಮತ್ತು ನಿಕಲ್‌ಗಳ ಮಿಶ್ರಲೋಹವು ಜಲಜನಕವನ್ನು ಒಳಗೆ ಬಿಟ್ಟುಕೊಂಡಾಗ ರಾತ್ರಿ ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ, ಮತ್ತೆ ಮತ್ತೆ ತುಂಬಿ ತೆಗೆದರೆ ಪುಡಿಯಾಗುತ್ತದೆ. ಮೆಗ್ನೀಸಿಯಮ್ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿಡುತ್ತದೆಂದರೆ ಬಿಡಿಸಲು ಸುಮಾರು 300 ಡಿಗ್ರಿ ಕಾವು ಬೇಕು. ಇದ್ದಿಲಿನದು ಹಾಗಲ್ಲ, ಗಿರಣಿಯವನ ತೋಳಿಗೆ ಹಿಟ್ಟು ಕೂತಂತೆ ಅಣುಗಳು ಸಡಿಲವಾಗಿ ಕೂತಿರುತ್ತವೆ, ದ್ರವ ಸಾರಜನಕದಷ್ಟು ತಂಪಿದ್ದರೆ ಮಾತ್ರ ಸಾಕಷ್ಟು ನಿಲ್ಲುತ್ತವೆ. ಅದಕ್ಕೆ ‘ಮೇಲಂಟು’ ಸಾಕು.

ತೊಟ್ಟಿಗೆ ಬಾಯಿ ತೆರೆದಿರುತ್ತದೆ. ಜಲಜನಕದಿಂದ ಓಡುವ ಟೊಯೊಟಾ ಮಿರಾಯ್ ಕಾರಿನಲ್ಲಿರುವುದು ಪ್ಲಾಸ್ಟಿಕ್ ಒಳಪದರಕ್ಕೆ ಇಂಗಾಲದ ಎಳೆಗಳನ್ನು ಸುತ್ತಿ ಬಿಗಿದ, ಮುಚ್ಚಿದ ಪಾತ್ರೆ. ಟ್ಯಾಂಕ್ ಎಂದೇ ಬರೆಯಿರಿ. ಆ ಪದ ಇಂಗ್ಲಿಷಿಗೆ ಹೋದದ್ದೇ ಗುಜರಾತಿ ಕಡೆಯಿಂದ ಎನ್ನುವ ನಿಘಂಟುಕಾರರಿದ್ದಾರೆ, ನಾಚಿಕೆ ಬೇಡ.

ಉತ್ತರ 2

‘ಮೇಲಂಟು’ ಎಂದರೆ ಲಕೋಟೆಯ ಮೇಲಿನ ಅಂಚೆಚೀಟಿ. ಟ್ಯಾಂಕಿಗೆ ಇಲ್ಲದ ನಾಚಿಕೆ ‘ಅಡ್ಸಾರ್ಪ್ಶನ್’ಗೆ ಏಕೆ? ಇನ್ನು ‘ಜಲಜನಕ’ವೆಂದು ಬರೆದು ಎರಡು ಸಾಲಿನ ಕೆಳಗೆ, ಲೋಹವೂ ಜಲಜನಕವೂ ಕೂಡಿದ ಸಂಯುಕ್ತಕ್ಕೆ ‘ಹೈಡ್ರೈಡ್’ ಎಂದರೆ ಇವೆರಡಕ್ಕೂ ನಂಟಿದೆಯೆಂದು ಓದುಗನಿಗೆ ತಿಳಿಯುವುದಾದರೂ ಹೇಗೆ? ಹೈಡ್ರೋಜನ್ ಎಂದರೆ ಆ ತೊಂದರೆಯೇ ಇಲ್ಲ. ಆಮ್ಲಗಳೆಲ್ಲದರಲ್ಲೂ ಆಕ್ಸಿಜನ್ ಇರುತ್ತದೆಂದು ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇ ತಪ್ಪಾಗಿ ತಿಳಿದು ಇಟ್ಟ ಹೆಸರನ್ನೇ ಅನುವಾದಿಸಿ ‘ಆಮ್ಲಜನಕ’ ಎನ್ನುತ್ತಿದ್ದೇವೆ. ಅನುವಾದಿಸಿದರೆ ತಪ್ಪೂ ಜೊತೆಗೇ ಬರುತ್ತದೆ.

ಉತ್ತರ 1

ಜಲಜನಕದಲ್ಲಿ ಆ ತಪ್ಪಿಲ್ಲ. ಈ ಕಾರಿನ ಹೊಗೆಕೊಳವೆಯಿಂದ ಹೊರಬೀಳುವುದು ಬರಿಯ ನೀರು. ಹೆಸರಿನ ಅರ್ಥ ಅಲ್ಲೇ ತೊಟ್ಟಿಕ್ಕುತ್ತದೆ. ‘ಲೋಹದ ಜಲಜನಕ ಸಂಯುಕ್ತ’ ಎಂದರೆ ಹೈಡ್ರೈಡಿನ ಗೊಡವೆಯೂ ಇರುವುದಿಲ್ಲ.