ಕೌನ್ಸಿಲ್ ಟ್ಯಾಕ್ಸ್ ಸಪೋರ್ಟ್: ಊರು ಬದಲಾದ್ರೆ ಬಿಲ್ ಇಷ್ಟು ಏರುತ್ತಾ? ಗೊತ್ತಿದ್ದವರು ಹೇಳಿ

ಸುಮಾ: ಕೌನ್ಸಿಲ್ ಟ್ಯಾಕ್ಸ್ (ಮನೆ ಮೇಲಿನ ಸ್ಥಳೀಯ ತೆರಿಗೆ) ಕಟ್ಟೋಕೆ ಕಡಿಮೆ ಆದಾಯದವರಿಗೆ ಸಿಗೋ ಸಪೋರ್ಟಿನಿಂದ, ಲಂಡನ್ನಿನ ಹಳೇ ಕೌನ್ಸಿಲ್‌ನಲ್ಲಿ ನನಗೆ ಪೂರ್ತಿ ಮಾಫಿ ಇತ್ತು. ಈಗ ಬೇರೆ ಕೌನ್ಸಿಲ್, ಬ್ಯಾಂಡ್ ಇ (ಮನೆ ಬೆಲೆ ನೋಡಿ ತೆರಿಗೆಗೆ ಇಡೋ ದರ್ಜೆ) ಬಾಡಿಗೆ ಮನೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ಹಣ) ಮೊದಲಿನಷ್ಟೇ, ಬಿಲ್ ಮಾತ್ರ ವರ್ಷಕ್ಕೆ 844 ಪೌಂಡ್. ತಪ್ಪಾಗಿದೆಯಾ?

ಹಳೇ ಲೆಕ್ಕಿಗ: 2013ರ ಏಪ್ರಿಲ್‌ನಲ್ಲಿ ಹಳೇ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ ರದ್ದು ಮಾಡಿ, ದುಡ್ಡಲ್ಲಿ 10% ಕತ್ತರಿಸಿ, ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ‘ನೀವೇ ನೋಡ್ಕೊಳ್ಳಿ’ ಅಂದ್ರು. ಪಿಂಚಣಿ ವಯಸ್ಸಿನವರಿಗೆ ಮಾತ್ರ ಎಲ್ಲ ಕಡೆ ಒಂದೇ ನಿಯಮ. ಹಾಗಾಗಿ ಏಟು ಬಿದ್ದಿದ್ದೆಲ್ಲ ದುಡಿಯೋ ವಯಸ್ಸಿನವರಿಗೆ. ಬಿಲ್ಲಿನಲ್ಲಿ ಹೆಚ್ಚಂದ್ರೆ ಒಂದು ಕಡೆ 100% ಮಾಫಿ, ಇನ್ನೊಂದು ಕಡೆ 80%, ಮತ್ತೊಂದು ಕಡೆ 70%. ಉಳಿತಾಯ ಇಷ್ಟು ಮೀರಿದ್ರೆ ಸಪೋರ್ಟ್ ಇಲ್ಲ ಅನ್ನೋ ಮಿತಿ ಒಂದು ಕೌನ್ಸಿಲ್‌ನದ್ದು 16,000 ಪೌಂಡ್, ಪಕ್ಕದ್ದರದ್ದು 6,000. ಪಕ್ಕದ ಊರಿನವರ ಮಾತು ನಂಬಬೇಡಿ, ನಿಮ್ಮ ಕೌನ್ಸಿಲ್‌ನ ಈ ವರ್ಷದ ಸ್ಕೀಮ್ ಓದಿ.

ಗ್ಲಾಸ್ಗೋ ಕನ್ನಡಿಗ: ಅದಕ್ಕೇ ಸ್ಕಾಟ್ಲೆಂಡ್ ವಾಸಿ. ಇಡೀ ನಾಡಿಗೆ ಒಂದೇ ಸ್ಕೀಮು, ಪೂರ್ತಿ ಮಾಫಿಯೂ ಉಂಟು.

ಧಾರವಾಡದಾಂವ: ಪೂರ್ತಿ ಅನ್ನಬ್ಯಾಡ್ರೀ. ಅದೇ ಬಿಲ್ಲಿನಾಗ ನೀರು, ಒಳಚರಂಡಿ ಶುಲ್ಕ ಇರ್ತದ. ಅದರಾಗ ಹೆಚ್ಚಂದ್ರ 35% ಇಳೀತದ, ಉಳಿದದ್ದು ಕಟ್ಟಬೇಕು. ಅಕ್ಕಾರು ಕೇಳಿದ್ದು ಇಂಗ್ಲೆಂಡಿಂದು, ನೀವು ಸ್ಕಾಟ್ಲೆಂಡಿನ ಜಂಬ ಹೊಡೀಲಿಕ್ಕೆ ಬಂದೀರಿ.

ಹಳೇ ಲೆಕ್ಕಿಗ: 844 ಎಲ್ಲಿಂದ ಬಂತು ಅಂದ್ರೆ, ಬ್ಯಾಂಡ್ ಕ್ಯಾಪ್ (ಸಪೋರ್ಟ್ ಲೆಕ್ಕಕ್ಕೆ ಬ್ಯಾಂಡ್ ಮೇಲಿಟ್ಟ ಮಿತಿ) ಇರಬೇಕು. ಇ ಅಂದ್ರೆ ಡಿ ದರದ ಒಂಬತ್ತರಲ್ಲಿ ಹನ್ನೊಂದು ಪಾಲು. ಡಿ 2,000 ಇದ್ರೆ ಇ 2,444. ಕೌನ್ಸಿಲ್ ಡಿ ತನಕ ಮಾತ್ರ ಲೆಕ್ಕ ಹಿಡಿದು 80% ಕೊಟ್ರೆ 1,600. ಉಳಿದದ್ದು 844. ಬಿಲ್ಲಿನಲ್ಲಿ ‘ಕ್ಯಾಪ್’ ಅನ್ನೋ ಪದವೇ ಇರಲ್ಲ, ಸ್ಕೀಮಿನೊಳಗೆ ಹುಡುಕಬೇಕು. ಜೊತೆಗಿರೋ ದೊಡ್ಡ ಮಗನೋ ಅತ್ತೆಯೋ ಇದ್ರೆ ಅವರ ಲೆಕ್ಕದಲ್ಲೂ ವಾರಕ್ಕಿಷ್ಟು ಅಂತ ಕಡಿತ ಇರುತ್ತೆ.

ಕುಡ್ಲದಾಕೆ: ಯೂನಿವರ್ಸಲ್ ಕ್ರೆಡಿಟ್ ಬಂದ್ರೆ ಇದೂ ತಾನಾಗಿ ಬರ್ತದೆ ಅಂತ ಕೂರಬೇಡಿ ಮಾರಾಯ್ರೇ. ಕೌನ್ಸಿಲ್‌ಗೆ ಬೇರೆಯೇ ಅರ್ಜಿ. ಸಂಬಳ ತಿಂಗಳಿಂದ ತಿಂಗಳಿಗೆ ಏರಿಳಿದ್ರೆ ಬಿಲ್ಲೂ ಹೊಸತು ಬರ್ತದೆ, ಕಂತೂ ಬದಲಾಗ್ತದೆ. ಆದಾಯದ ಹಂತ ಇಟ್ಟ ಕೌನ್ಸಿಲ್‌ಗಳಲ್ಲಿ ಈ ರಗಳೆ ಕಡಿಮೆ, ಆದ್ರೆ ಒಂದು ಪೌಂಡ್ ಹೆಚ್ಚಾಗಿ ಮೇಲಿನ ಹಂತಕ್ಕೆ ಹೋದ್ರೆ ಸಪೋರ್ಟ್ ಒಮ್ಮೆಲೇ ಬೀಳ್ತದೆ. ಹಳೇ ರೀತಿಯ ಲೆಕ್ಕದಲ್ಲಿ ಹೆಚ್ಚಾದ ಆದಾಯದ ಪೌಂಡಿಗೆ 20 ಪೆನ್ಸ್ ಸಪೋರ್ಟ್ ಮಾತ್ರ ಹೋಗ್ತದೆ.

ಮೈಸೂರ್ ಪಾಕ್: ಊರಲ್ಲಿ ಸೈಟ್ ಇದ್ರೆ ಬರೀಬೇಡಿ, ಅವರಿಗೆ ಹೇಗೆ ಗೊತ್ತಾಗುತ್ತೆ?

ಹಳೇ ಲೆಕ್ಕಿಗ: ಇಂಥ ಸಲಹೆ ಕೊಡೋಕೆ ನಾಚಿಕೆ ಆಗ್ಬೇಕು ಸ್ವಾಮಿ. ಮುಚ್ಚಿಟ್ರೆ ವಂಚನೆ, ಕೇಸ್ ಆಗುತ್ತೆ. ಹಳೇ ನಿಯಮ ಉಳಿಸಿಕೊಂಡ ಸ್ಕೀಮುಗಳಲ್ಲಿ ಮೈಸೂರಿನ ಮಾರುಕಟ್ಟೆ ಬೆಲೆಯಿಂದ ಮಾರಾಟದ ಖರ್ಚಿಗೆ 10% ಮತ್ತು ಸೈಟಿನ ಮೇಲಿನ ಸಾಲ ಕಳೆದು ಉಳಿತಾಯಕ್ಕೆ ಸೇರಿಸ್ತಾರೆ. ಬ್ಯಾಂಕ್ ಸಾಲದ ಪತ್ರ ಜೊತೆಗಿಡಿ.

ಮೈಸೂರ್ ಪಾಕ್: ನಾನು ಕೇಳಿದ್ದಷ್ಟೇ. ಪಾಠ ಬೇಡ.

ಕುಡ್ಲದಾಕೆ: ವೀಸಾ ಮೇಲಿರೋರು ಇನ್ನೂ ಜಾಗ್ರತೆ. ‘ಸಾರ್ವಜನಿಕ ನಿಧಿ ಇಲ್ಲ’ ಅಂತ ಷರತ್ತಿದ್ರೆ ಈ ಸಪೋರ್ಟ್ ಮುಟ್ಟುವ ಹಾಗಿಲ್ಲ. ಒಬ್ಬರೇ ಇರೋರ 25% ರಿಯಾಯಿತಿ, ವಿದ್ಯಾರ್ಥಿಗಳ ವಿನಾಯಿತಿ ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ. ಅದನ್ನು ಬಿಟ್ಟುಕೊಡಬೇಡಿ.

ಧಾರವಾಡದಾಂವ: 2014ರಾಗ ಸುಪ್ರೀಂ ಕೋರ್ಟ್ ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ಲಿನ ಸ್ಕೀಮ್ ರದ್ದು ಮಾಡೇತಿ. ಹಂಗ ಕೋರ್ಟಿಗೆ ಹೋಗ್ರಿ.

ಹಳೇ ಲೆಕ್ಕಿಗ: ರದ್ದು ಮಾಡ್ಲಿಲ್ಲ ರೀ! ಜನಾಭಿಪ್ರಾಯ ಕೇಳಿದ ರೀತಿ ಕಾನೂನುಬಾಹಿರ ಅಂದ್ರು, ಸ್ಕೀಮ್ ಉಳೀತು. ಸುಮಾ ಅವರೇ, ಮೊದಲು ಕೌನ್ಸಿಲ್‌ಗೆ ಲಿಖಿತವಾಗಿ ಬರೀರಿ: ಯಾವ ಸಾಲು ತಪ್ಪು, ಏಕೆ ಅಂತ. ಎರಡು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ರೆ, ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ (ಇಂಥ ತಕರಾರು ಕೇಳೋ ನ್ಯಾಯಮಂಡಳಿ) ಮೇಲ್ಮನವಿ ಹಾಕಿ. ಶುಲ್ಕ ಇಲ್ಲ. ಕ್ಯಾಪ್ ಅನ್ಯಾಯ ಅಂತ ವಾದಿಸಿದ್ರೆ ಅಲ್ಲಿ ನಡೆಯಲ್ಲ, ಲೆಕ್ಕ ತಪ್ಪಿದ್ರೆ ನಡೆಯುತ್ತೆ. ಕೈಯಲ್ಲಿ ಏನೂ ಇಲ್ಲದಿದ್ರೆ 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಕಾಯ್ದೆಯ ಸೆಕ್ಷನ್ 13ಎ(1)(ಸಿ) ಹೆಸರಿಸಿ ವಿವೇಚನೆಯ ರಿಯಾಯಿತಿ ಕೇಳಿ, ತಿಂಗಳ ಖರ್ಚಿನ ಪಟ್ಟಿ ಲಗತ್ತಿಸಿ. ಅಲ್ಲಿ ತನಕ ಕಂತು ತಪ್ಪಿಸಬೇಡಿ. 10 ಕಂತಿದ್ರೆ 12 ಕೇಳಿ.

ಧಾರವಾಡದಾಂವ: ಒಂದು ಪದ ತಪ್ಪಾತು ಅಂತ ಇಷ್ಟೊಂದು ಯಾಕ್ರೀ ಸಿಟ್ಟು.