ಕಾಮಿಡಿ ಶೂಟ್ ಮಾಡುವಾಗ ಕ್ಯಾಮೆರಾ ಹಿಡಿದವರು ನಗು ತಡೆಯುವುದು ಹೇಗೆ?

ಮಾಟುಂಗಾ ರಂಗಪ್ರೇಮಿ:
ಭಾನುವಾರ ಇಲ್ಲಿ ಮುಂಬೈನ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ನಗೆನಾಟಕ ನೋಡಿದೆ. ಇಡೀ ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಹಿಂದೆ ನಿಂತು ವಿಡಿಯೋ ಮಾಡುತ್ತಿದ್ದ ಹುಡುಗನ ಮುಖ ಮಾತ್ರ ಸ್ವಲ್ಪವೂ ಸಡಿಲವಾಗಲಿಲ್ಲ. ಇವರು ನಗು ತಡೆಯುವುದು ಹೇಗೆ? ನನ್ನ ಪ್ರಕಾರ ಇದು ದೊಡ್ಡ ಸಾಧನೆ. ಚಪ್ಪಾಳೆಯಲ್ಲಿ ಇವರಿಗೂ ಪಾಲು ಸಿಗಬೇಕು.

ಚಿತ್ರನಗರಿ ಟ್ರಾಲಿ:
ಸಾಧನೆ ಏನೂ ಅಲ್ಲ ಸರ್. ನಾನು ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಕ್ಯಾಮೆರಾ ಕೆಲಸ ಮಾಡುವವನು. ಒಂದೇ ಜೋಕನ್ನು ರಿಹರ್ಸಲ್‌ನಲ್ಲಿ ಕೇಳುತ್ತೇವೆ. ಆಮೇಲೆ ಇಡೀ ದೃಶ್ಯವನ್ನು ಒಟ್ಟಿಗೆ ಹಿಡಿಯುವ ಮಾಸ್ಟರ್ ಶಾಟ್, ಆಮೇಲೆ ಒಬ್ಬೊಬ್ಬರ ಕ್ಲೋಸಪ್. ಅಷ್ಟು ಹೊತ್ತಿಗೆ ಅದು ಜೋಕಾಗಿ ಉಳಿದಿರುವುದೇ ಇಲ್ಲ. ಈ ಮಾತು ಬಂದಾಗ ಕ್ಯಾಮೆರಾ ಪಕ್ಕಕ್ಕೆ ತಿರುಗಿಸು (ಪ್ಯಾನ್), ಅವನು ಎದ್ದಾಗ ಮೇಲಕ್ಕೆ ತಿರುಗಿಸು (ಟಿಲ್ಟ್), ಅಷ್ಟೇ ನಮಗೆ ಗೊತ್ತಿರುವುದು. ತಲೆಯ ಮೇಲೆ ಎಷ್ಟು ಜಾಗ ಬಿಟ್ಟಿದ್ದೇನೆ, ಕೋಲಿನ ತುದಿಯ ಬೂಮ್ ಮೈಕ್ ಫ್ರೇಮಿನೊಳಗೆ ಇಳಿಯಿತಾ, ಇದನ್ನೇ ಕಣ್ಣು ನೋಡುತ್ತಿರುತ್ತದೆ. ನಗುವುದಕ್ಕೆ ಪುರುಸೊತ್ತೆಲ್ಲಿದೆ? ಹಳೆಯ ಡಬ್ಬಿಂಗ್ ಕಾಲದವರಂತೂ ನಕ್ಕರೂ ನಡೆಯುತ್ತಿತ್ತು. ಸೌಂಡ್ ಹೇಗೂ ಆಮೇಲೆ ಹಾಕುತ್ತಿದ್ದರು.

ಡೊಂಬಿವಲಿ ಅಕ್ಕ:
"ಜೋಕಾಗಿ ಉಳಿದಿರುವುದೇ ಇಲ್ಲ" ಅಂತೀರಲ್ಲ, ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದ್ದೀರಾ? ಅಂದಂದಿನ ರಾಜಕೀಯವನ್ನು ಅಲ್ಲಲ್ಲೇ ಮಾತಿಗೆ ಸೇರಿಸಿಬಿಡುತ್ತಿದ್ದರು. ಅದನ್ನು ಯಾವ ರಿಹರ್ಸಲ್‌ನಲ್ಲಿ ಕೇಳಿ ಅಭ್ಯಾಸ ಮಾಡಿಕೊಳ್ಳುತ್ತೀರಿ? ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ಕ್ಯಾರಲ್ ಬರ್ನೆಟ್ ಶೋನಲ್ಲಿ ನಟ ಟಿಮ್ ಕಾನ್ವೇ ರಿಹರ್ಸಲ್‌ನಲ್ಲಿ ಇಲ್ಲದ್ದನ್ನು ಶೂಟಿಂಗ್‌ನಲ್ಲಿ ತರುತ್ತಿದ್ದರು. ಎದುರಿಗಿದ್ದ ಹಾರ್ವಿ ಕಾರ್ಮನ್ ನುರಿತ ನಟ. ಅವರಿಗೇ ನಗು ತಡೆಯಲು ಆಗುತ್ತಿರಲಿಲ್ಲ. ಕ್ಯಾಮೆರಾದವರು ಆಗಲೂ ಚಿತ್ರ ಹಿಡಿಯುತ್ತಲೇ ಇದ್ದರು. ಅದು ಸಾಧನೆ ಅಲ್ವಾ?

ಧ್ವನಿಪೆಟ್ಟಿಗೆ:
ಟ್ರಾಲಿಯವರೆ, "ನಕ್ಕರೂ ನಡೆಯುತ್ತಿತ್ತು" ಅನ್ನುವುದು ತಪ್ಪು. ನಾನು ಸೌಂಡ್‌ನವನು, ಇದನ್ನು ಸುಮ್ನೆ ಬಿಡುವುದಿಲ್ಲ. ಡಬ್ಬಿಂಗ್ ಇದ್ದರೂ ಸೆಟ್‌ನಲ್ಲಿ ಪೈಲಟ್ ಟ್ರ್ಯಾಕ್, ಅಂದರೆ ಮಾತಿನ ಕಚ್ಚಾ ರೆಕಾರ್ಡಿಂಗ್, ತೆಗೆದುಕೊಳ್ಳುತ್ತಿದ್ದರು. ನಟರು ಅದನ್ನು ಕೇಳಿಕೊಂಡೇ ಡಬ್ಬಿಂಗ್ ಥಿಯೇಟರ್‌ನಲ್ಲಿ ಮಾತಾಡಬೇಕಿತ್ತು. ಅದರ ಮೇಲೆ ನಿಮ್ಮ ನಗು ಬಿದ್ದಿದ್ದರೆ? ಈ ಊರಿನಲ್ಲೇ ಭಾರತದ ಮೊದಲ ಮಾತಿನ ಚಿತ್ರ ಆಲಂ ಆರಾ (1931) ತೆಗೆದಾಗ ಸ್ಟುಡಿಯೋ ಪಕ್ಕ ರೈಲು ಹಳಿ ಇತ್ತು. ಆ ಸದ್ದಿಗೆ ಹೆದರಿ ರಾತ್ರಿ ಹೊತ್ತು ಶೂಟಿಂಗ್ ಮಾಡಿದರು. ಸದ್ದಿಗೆ ಅಷ್ಟು ಬೆಲೆ ಕೊಟ್ಟ ಊರಿದು.

ಚಿತ್ರನಗರಿ ಟ್ರಾಲಿ:
ಪೈಲಟ್ ಟ್ರ್ಯಾಕ್ ವಿಷಯ ನನಗೆ ಹೇಳಬೇಡಿ. ಆಗ ಇದ್ದದ್ದು ಜಾಸ್ತಿ ಆರಿ 2ಸಿ ಅನ್ನುವ ಫಿಲ್ಮ್ ಕ್ಯಾಮೆರಾ. ಆ ಕ್ಯಾಮೆರಾದ ಗರಗರ ಸದ್ದು ಟ್ರ್ಯಾಕ್ ಪೂರ್ತಿ ಇರುತ್ತಿತ್ತು. ಅದರ ನಡುವೆ ಒಬ್ಬ ಕ್ಯಾಮೆರಾಮನ್ ಮೂಗಿನಲ್ಲಿ ನಕ್ಕಿದ್ದು ಯಾರಿಗೆ ಕೇಳಬೇಕು?

ಪುಣೆ ಪ್ರಭಾತ್:
ಆಲಂ ಆರಾ ರೈಲಿಗೂ ನಗುವಿಗೂ ಏನು ಸಂಬಂಧ ಮಾರಾಯ್ರೆ? ಅಷ್ಟು ಹಿಂದಕ್ಕೆ ಹೋಗುವುದಾದರೆ ಮೂಕಿ ಕಾಲಕ್ಕೇ ಹೋಗೋಣ. ಆಗ ಸದ್ದಿನ ಚಿಂತೆ ಇರಲಿಲ್ಲ, ಆದರೂ ನಗುವ ಹಾಗಿರಲಿಲ್ಲ. ಚಾಪ್ಲಿನ್ ಅವರ ಕ್ಯಾಮೆರಾಮನ್ ರೋಲಿ ಟಾಥರೋ ಅವರನ್ನೇ ನೋಡಿ. ಕೈಯಲ್ಲಿ ತಿರುಗಿಸುವ ಕ್ಯಾಮೆರಾ. ಒಂದು ಸುತ್ತಿಗೆ 8 ಫ್ರೇಮ್ (ಬಿಡಿ ಚಿತ್ರ), ಸೆಕೆಂಡಿಗೆ ಎರಡು ಸುತ್ತು ಹಾಕಿದರೆ 16 ಫ್ರೇಮ್. ನಕ್ಕು ಕೈಯ ಲಯ ತಪ್ಪಿದರೆ ಪರದೆ ಮೇಲೆ ನಟನ ನಡಿಗೆಯೇ ಬದಲಾಗುತ್ತದೆ. ವಿಜ್ಞಾನವೂ ಇದೆ. ರಾಬರ್ಟ್ ಪ್ರೊವೈನ್ ಅನ್ನುವ ವಿಜ್ಞಾನಿ ನಗುವನ್ನು ಅಳೆದಿದ್ದಾರೆ. ನಗುವಿನ ಒಂದೊಂದು "ಹ" ಸುಮಾರು 210 ಮಿಲಿಸೆಕೆಂಡಿಗೆ ಒಮ್ಮೆ ಬರುತ್ತದೆ. ಇವತ್ತಿನ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 5 ಫ್ರೇಮಿಗೊಂದು ಕುಲುಕು. ದೂರದ್ದನ್ನು ಹತ್ತಿರ ತೋರಿಸುವ ಲಾಂಗ್ ಲೆನ್ಸ್ ಇದ್ದರೆ ಇಡೀ ಮುಖ ನಡುಗುತ್ತದೆ. ಒಬ್ಬರೇ ಇದ್ದಾಗಿಗಿಂತ ಜನರ ನಡುವೆ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತಲೂ ಅವರು ಹೇಳಿದ್ದಾರೆ. ಕಿವಿಗೆ ಹೆಡ್‌ಫೋನ್, ಕಣ್ಣಿಗೆ ವ್ಯೂಫೈಂಡರ್. ಅಲ್ಲಿ ಮನುಷ್ಯ ಒಬ್ಬನೇ. ಅದಕ್ಕೇ ನಗು ಬರುವುದಿಲ್ಲ.

ಡೊಂಬಿವಲಿ ಅಕ್ಕ:
ಒಬ್ಬನೇ ಹೇಗಾಗುತ್ತಾನೆ? ಪಕ್ಕದಲ್ಲಿ ಫೋಕಸ್ ಸರಿಮಾಡುವ ಫೋಕಸ್ ಪುಲ್ಲರ್, ಹಿಂದೆ ಟ್ರಾಲಿ ತಳ್ಳುವವನು. ನಾಟಕವಾದರೆ ಇಡೀ ಹಾಲ್. ನೀವು ಹೇಳಿದ 30 ಪಟ್ಟು ನನ್ನ ಮಾತಿಗೇ ಸಾಕ್ಷಿ.

ಧ್ವನಿಪೆಟ್ಟಿಗೆ:
ಮೂಕಿ ಚಿತ್ರ ಆಮೇಲೆ ನೋಡೋಣ. "ಯಾರಿಗೆ ಕೇಳಬೇಕು" ಅಂತ ಟ್ರಾಲಿಯವರು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನಟನಿಗೆ ಕೇಳುತ್ತದೆ! ಕಾಮಿಡಿ ಅಂದರೆ ಟೈಮಿಂಗ್. ಲೆನ್ಸ್ ಹಿಂದಿನಿಂದ ಸಣ್ಣ ನಗು ಬಂದರೂ ಅವನು ಮುಂದಿನ ಮಾತಿಗೆ ಒಂದು ಕ್ಷಣ ನಿಲ್ಲುತ್ತಾನೆ. ಶಾಟ್ ಹೋಯಿತು. ಆಗ ಫಿಲ್ಮ್ ರೀಲ್ ಕಾಲ. 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿ ಫಿಲ್ಮ್ ಹಿಡಿಸುವ ಮ್ಯಾಗಜಿನ್ (ಕ್ಯಾಮೆರಾದ ಫಿಲ್ಮ್ ಡಬ್ಬಿ) ನಾಲ್ಕೂವರೆ ನಿಮಿಷವೂ ಬರುವುದಿಲ್ಲ. ಕ್ಯಾಮೆರಾಮನ್ ನಕ್ಕ ಅಂತ ರೀಟೇಕ್ ಮಾಡಿದರೆ ನಿರ್ಮಾಪಕ ಸುಮ್ಮನಿರುತ್ತಿದ್ದನಾ? ನಡೆಯುತ್ತಿತ್ತಂತೆ! ಆ ಕಾಲದ ಹಿರಿಯರ ಶಿಸ್ತಿಗೆ ಇದು ಅವಮಾನ.

ಚಿತ್ರನಗರಿ ಟ್ರಾಲಿ:
ಅವಮಾನ ಅಂತ ದೊಡ್ಡ ಮಾತು ಬೇಡ. ಆ ಹಿರಿಯರ ಹತ್ತಿರವೇ ನಾನು ಕೆಲಸ ಕಲಿತದ್ದು. ನಾನು ಹೇಳಿದ್ದು ಸೌಂಡ್ ಬಗ್ಗೆ ಮಾತ್ರ. 2001ರಲ್ಲಿ ಲಗಾನ್ ಚಿತ್ರ ಸಿಂಕ್ ಸೌಂಡ್‌ನಲ್ಲಿ, ಅಂದರೆ ಸೆಟ್‌ನಲ್ಲೇ ರೆಕಾರ್ಡ್ ಮಾಡಿದ ಮಾತಿನೊಂದಿಗೆ, ಬಂದಾಗ ಇಡೀ ಇಂಡಸ್ಟ್ರಿ ಅದನ್ನು ಹೊಸದು ಅನ್ನುವ ಹಾಗೆ ಮಾತಾಡಿತು. ಯಾಕೆ? ಅಲ್ಲಿಯವರೆಗೆ ಸೆಟ್‌ನಲ್ಲಿ ಸದ್ದು ಮಾಡುವುದೇ ರೂಢಿಯಾಗಿತ್ತು.

ಧ್ವನಿಪೆಟ್ಟಿಗೆ:
ಲಗಾನ್ ಹೊಸದು ಅಂದವರಿಗೆ ಹಳೆಯದು ಮರೆತಿತ್ತು. 1930ರ ದಶಕದಲ್ಲಿ ಪಾತ್ರದವರ ಮಾತು, ಹಾಡು ಎರಡನ್ನೂ ಸೆಟ್‌ನಲ್ಲೇ ರೆಕಾರ್ಡ್ ಮಾಡುತ್ತಿದ್ದರು.

ಪುಣೆ ಪ್ರಭಾತ್:
ಹೌದು, ಇಲ್ಲಿ ಪುಣೆಯ ನಮ್ಮ ಪ್ರಭಾತ್ ಸ್ಟುಡಿಯೋದಲ್ಲೂ. ಅದೇ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು.

ಚಿತ್ರನಗರಿ ಟ್ರಾಲಿ:
ನಾನು ಡಬ್ಬಿಂಗ್ ಕಾಲ ಅಂದೆ. ನೀವು ಅದಕ್ಕೂ ಹಿಂದಿನದು ಹೇಳುತ್ತಿದ್ದೀರಿ. ಎರಡೂ ಬೇರೆ.

ಮಾಟುಂಗಾ ರಂಗಪ್ರೇಮಿ:
ದಯವಿಟ್ಟು ಮೂಲ ಪ್ರಶ್ನೆಗೆ ಬನ್ನಿ. ಜೋಕು ಹೊಸದು, ರಿಹರ್ಸಲ್ ಇಲ್ಲ, ನಗು ಬಂದೇಬಿಟ್ಟಿತು. ಆಗ ಕೈ, ಬಾಯಿ, ಉಸಿರು ಏನು ಮಾಡಬೇಕು?

ಚಿತ್ರನಗರಿ ಟ್ರಾಲಿ:
ಕೆನ್ನೆಯ ಒಳಭಾಗ ಕಚ್ಚಿಕೊಳ್ಳಬೇಕು. ಉಸಿರು ಪೂರ್ತಿ ಹಿಡಿದರೆ ಒಮ್ಮೆಲೇ ಸಿಡಿಯುತ್ತದೆ, ಅದಕ್ಕೇ ಬಾಯಿ ಸ್ವಲ್ಪ ತೆರೆದು ನಿಧಾನವಾಗಿ ಬಿಡಬೇಕು. ನಟನ ಮುಖ ನೋಡಬಾರದು, ಫ್ರೇಮಿನ ಅಂಚು ನೋಡಬೇಕು. ಟ್ರೈಪಾಡ್ ಇದ್ದು ಶಾಟ್ ಅಲುಗಾಡದಿದ್ದರೆ ಪ್ಯಾನ್, ಟಿಲ್ಟ್ ಎರಡನ್ನೂ ಲಾಕ್ ಮಾಡಿ ಹಿಡಿಯಿಂದ ಕೈ ತೆಗೆಯಬೇಕು. ಆಗ ಮೈ ಕುಲುಕಿದರೂ ಚಿತ್ರ ಕುಲುಕುವುದಿಲ್ಲ. ಹೆಗಲ ಮೇಲೆ ಕ್ಯಾಮೆರಾ ಇದ್ದರೆ ಇದಾವುದೂ ಇಲ್ಲ, ಮೊಣಕೈ ಪಕ್ಕೆಗೆ ಒತ್ತಿ ಸಹಿಸಿಕೊಳ್ಳಬೇಕು. ಪ್ರೇಕ್ಷಕರನ್ನು ಕೂರಿಸಿ ಮಾಡುವ ಶೋ ಆದರೆ ನಗುವಿನ ಸದ್ದು ಅವರ ನಗುವಿನಲ್ಲಿ ಸೇರಿಹೋಗುತ್ತದೆ.

ಡೊಂಬಿವಲಿ ಅಕ್ಕ:
"ಕೆನ್ನೆಯ ಒಳಭಾಗ ಕಚ್ಚಿಕೊಳ್ಳಬೇಕು." ಎಲ್ಲರೂ ಈ ಮಾತು ಓದಿ. ನಗುವುದಕ್ಕೆ ಪುರುಸೊತ್ತೆಲ್ಲಿದೆ ಅಂದವರೇ ಇದನ್ನು ಬರೆದದ್ದು. ಬಾರದ ನಗುವಿಗೆ ಕೆನ್ನೆ ಯಾಕೆ ಕಚ್ಚಬೇಕು? ನಗು ಬರುತ್ತದೆ, ಅದನ್ನು ನುಂಗಿ ಚಿತ್ರ ಕಾಯುತ್ತೀರಿ. ನಿಮ್ಮ ಕೆಲಸವನ್ನು ನೀವೇ ಕಡಿಮೆ ಮಾಡಿ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಚಿತ್ರನಗರಿ ಟ್ರಾಲಿ:
ಅದು ಹೊಸಬರಿಗೆ ಹೇಳುವ ಉಪಾಯ ಅಕ್ಕ. ಅನುಭವ ಆದ ಮೇಲೆ ಬೇಕಾಗುವುದಿಲ್ಲ.

ಪುಣೆ ಪ್ರಭಾತ್:
ಮೊಣಕೈ ಪಕ್ಕೆಗೆ ಒತ್ತುವುದು ಯಾಕೆ ಈಗ? ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಇದೆ, ಎಡಿಟಿಂಗ್‌ನಲ್ಲಿ ಕುಲುಕು ತೆಗೆದು ಸ್ಟೆಬಿಲೈಸ್ ಮಾಡಬಹುದು.

ಚಿತ್ರನಗರಿ ಟ್ರಾಲಿ:
ಎಡಿಟಿಂಗ್‌ನಲ್ಲಿ ಸ್ಟೆಬಿಲೈಸ್ ಮಾಡಿದರೆ ಫ್ರೇಮಿನ ಅಂಚು ಕತ್ತರಿಸಿ ಹೋಗುತ್ತದೆ. ನಾವು ಕಷ್ಟಪಟ್ಟು ಇಟ್ಟ ಅಳತೆ ಹಾಳು.

ಧ್ವನಿಪೆಟ್ಟಿಗೆ:
ಎಲ್ಲರೂ ಕ್ಯಾಮೆರಾ ಹಿಂದೆಯೇ ನಿಂತಿದ್ದೀರಿ. ಬೂಮ್ ಹಿಡಿದವನನ್ನು ಯಾರಾದರೂ ನೋಡಿದ್ದೀರಾ? ಎರಡೂ ಕೈ ತಲೆಯ ಮೇಲೆ, ಉದ್ದ ಕೋಲಿನ ತುದಿಗೆ ಮೈಕ್. ಅದಕ್ಕೆ ಲಾಕ್ ಇಲ್ಲ, ಕೈ ತೆಗೆಯುವ ಹಾಗಿಲ್ಲ, ನಕ್ಕರೆ ಕೋಲಿನ ಸದ್ದೂ ರೆಕಾರ್ಡ್ ಆಗುತ್ತದೆ. ನಗು ತಡೆದದ್ದಕ್ಕೆ ಚಪ್ಪಾಳೆ ಕೊಡುವುದಾದರೆ ಮೊದಲು ಅವನಿಗೆ ಕೊಡಿ. ಮತ್ತೆ ಟ್ರಾಲಿಯವರೆ, ಡಬ್ಬಿಂಗ್ ಕಾಲದ ಮಾತನ್ನು ನೀವಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಚಿತ್ರನಗರಿ ಟ್ರಾಲಿ:
ತೆಗೆದುಕೊಳ್ಳುವುದೂ ಇಲ್ಲ. ನಾಳೆ ಬೆಳಿಗ್ಗೆ ಶಿಫ್ಟ್ ಇದೆ, ಮಿಕ್ಕಿದ್ದನ್ನು ರಾತ್ರಿ ಬಂದು ಬರೆಯುತ್ತೇನೆ.